ವಾಸನೆಯಿಂದ ಕೊಲೆಗಾರನನ್ನು ಹಿಡಿದರೆ ಓದುಗರು ಒಪ್ಪುವರೇ?

ತುಂಗಾತೀರ, ತೀರ್ಥಹಳ್ಳಿ:
ನಾನು ಬರೆಯುತ್ತಿರುವ ಪತ್ತೇದಾರಿ ಕಾದಂಬರಿಯ ನಾಯಕಿ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಇಪ್ಪತ್ತು ವರ್ಷ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಆರಿಸಿದ ಹೆಂಗಸು. ಮುಗ್ಗಲು ಹಿಡಿದ ಅಡಿಕೆ ಯಾವ ಚೀಲದಲ್ಲಿದೆಯೆಂದು ಬಾಯಿ ಬಿಚ್ಚುವ ಮೊದಲೇ ಹೇಳುವಷ್ಟು ಅವಳ ಮೂಗು ಚುರುಕು. ಆಷಾಢದ ಮಳೆಯಲ್ಲಿ ಊರಿನ ಯಜಮಾನರೊಬ್ಬರು ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಸತ್ತರೆಂದು ಎಲ್ಲರೂ ನಂಬಿರುವಾಗ, ಶವದ ಅಂಗಿಯಲ್ಲಿ, ಅಡಿಕೆ ತೋಟದ ಔಷಧಿಗೆ ಬಳಸುವ ಮೈಲುತುತ್ತದ ವಾಸನೆ ಹಿಡಿದು ಅವಳು ಕೊಲೆಗಾರನನ್ನು ಗುರುತಿಸುತ್ತಾಳೆ. ಹಸ್ತಪ್ರತಿ ಓದಿದ ನನ್ನ ಅಕ್ಕ, "ನಮಗೆ ಸಿಗದ ಸುಳಿವು ಅವಳೊಬ್ಬಳಿಗೇ ಸಿಕ್ಕರೆ ನಾವು ಊಹಿಸುವುದಾದರೂ ಏನನ್ನು?" ಎಂದು ಕೇಳಿದ ದಿನದಿಂದ ಬರವಣಿಗೆ ನಿಂತಿದೆ. ದಯವಿಟ್ಟು ಸಲಹೆ ಕೊಡಿ.

ಹಳೆಯ ಓದುಗ, ಸಾಗರ:
ನಿಮ್ಮ ಅಕ್ಕನ ಮಾತು ಸರಿಯಾಗಿದೆ. ವಾಸನೆ ಅವಳಲ್ಲಿ ಅನುಮಾನ ಹುಟ್ಟಿಸಲಿ, ಆದರೆ ಅಪರಾಧವನ್ನು ಸಾಬೀತುಪಡಿಸುವ ವಸ್ತು ಓದುಗರ ಕಣ್ಣಿಗೂ ಮೊದಲೇ ಬಿದ್ದಿರಬೇಕು. ಇನ್ನೊಂದು ವಿಷಯವೆಂದರೆ, ಎಂಥ ಮೂಗಾದರೂ ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಇದ್ದರೆ ಅದಕ್ಕೆ ಒಗ್ಗಿ ಮಂಕಾಗುತ್ತದೆ. ಆದ್ದರಿಂದ ಅವಳು ಹೊರಗಿನಿಂದ ಬಂದ ಮೊದಲ ಗಳಿಗೆಯಲ್ಲೇ ಅದು ಅವಳಿಗೆ ತಟ್ಟಬೇಕು.

ತೋಟದ ಮನೆ, ಹೊಸನಗರ:
ಮೈಲುತುತ್ತಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ದ್ರಾವಣದಲ್ಲಿ ಮೂಗಿಗೆ ಹತ್ತುವುದು ಅಂಟಿಗೆಂದು ಹಾಕುವ ರಾಳ ಮಾತ್ರ. ಅಲ್ಲದೆ ಮಳೆಗಾಲದಲ್ಲಿ ಔಷಧಿ ಹೊಡೆಯದ ತೋಟವೇ ಅಪರೂಪವಾಗಿರುವಾಗ ಅದು ಯಾರತ್ತಲೂ ಬೆರಳು ತೋರಿಸದು.

ಅದರ ಬದಲು ಚೊಗರನ್ನು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸವನ್ನು, ತನ್ನಿ. ಅಡಿಕೆ ಬೇಯಿಸುವುದು ಕೊಯ್ಲಿನ ಕಾಲದಲ್ಲಿ. ಆಷಾಢದಲ್ಲಿ ಯಾರ ಅಂಗಳದಲ್ಲೂ ಹಂಡೆ ಏರುವುದಿಲ್ಲ. ಆದರೆ ಉಳಿದ ಚೊಗರನ್ನು ಮುಂದಿನ ವರ್ಷಕ್ಕೆಂದು ಡ್ರಮ್ಮಿನಲ್ಲಿ ತುಂಬಿಡುವ ಮನೆಗಳಿವೆ. ಅಂಥ ಡ್ರಮ್ಮಿನ ಮುಚ್ಚಳ ತೆಗೆದಾಗ ಬರುವ ಒಗರು ವಾಸನೆ ಆ ತಿಂಗಳಲ್ಲಿ ಬಂದರೆ, ಸತ್ತವರು ಯಾರದೋ ಅಟ್ಟಕ್ಕೋ ಕೊಟ್ಟಿಗೆಗೋ ಹೋಗಿದ್ದರೆಂದೇ ಅರ್ಥ. ಹಳ್ಳದ ನೀರಿನಲ್ಲಿ ನೆನೆದ ಅಂಗಿಯಲ್ಲಿ ಅದು ಉಳಿಯುವುದು ಕಷ್ಟ; ದಡದಲ್ಲೇ ಕಳಚಿ ಬಿದ್ದ, ಮಳೆಗೆ ತಲೆಯ ಮೇಲೆ ಹೊದೆಯುವ ಕಂಬಳಿಕೊಪ್ಪೆಯಲ್ಲಿ ಉಳಿದೀತು. ಚೊಗರಿನ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನನ್ನ ಅಜ್ಜಿಯ ಸುಲಿಯುವ ಮೆಟ್ಟುಗತ್ತಿಯ ಅಲಗು ಸದಾ ಮಸಿ ಬಳಿದಂತೆಯೇ ಇರುತ್ತಿತ್ತು.

ತುಂಗಾತೀರ:
ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಎರಡನೆಯ ಅಧ್ಯಾಯದಲ್ಲಿ ನೆರೆಮನೆಯಾತ ಅವಳಿಗೆ ಹಲಸಿನಕಾಯಿ ಹೆಚ್ಚಿಕೊಡುವ ದೃಶ್ಯವೊಂದು ಆಗಲೇ ಇದೆ. ಅವನ ಕತ್ತಿಯ ಅಲಗು ಕಪ್ಪಾಗಿತ್ತೆಂಬ ಒಂದೇ ವಾಕ್ಯವನ್ನು ಇಂದು ಅಲ್ಲಿ ಸೇರಿಸಿ, ಮತ್ತೆ ಅಕ್ಕನಿಗೆ ಓದಲು ಕೊಡುತ್ತೇನೆ.