ಗೇಟಿನಲ್ಲಿ ತಿರುಗಿಸುವಾಗ ಕಟಕಟ, ಆಗುಂಬೆಯಲ್ಲಿ ಎಚ್ಚರಿಕೆ ದೀಪ: ಆಲ್ ವೀಲ್ ಡ್ರೈವ್ ಇದ್ದವರು ಸ್ವಲ್ಪ ನೋಡಿ

ಪರ್ಕಳದವ:
ನಮಸ್ಕಾರ. ನನ್ನದು ಚಿಕ್ಕ ಎಸ್‌ಯುವಿ. ಪೆಟ್ರೋಲ್, ಆಟೋಮ್ಯಾಟಿಕ್, ಆಲ್ ವೀಲ್ ಡ್ರೈವ್, ಅಂದರೆ ಬೇಕಾದಾಗ ನಾಲ್ಕೂ ಚಕ್ರ ಎಳೆಯುವಂಥದ್ದು. ಓಡಿದ್ದು 46,000 ಕಿ.ಮೀ. ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಆಗುತ್ತದೆ. ಎರಡು ತೊಂದರೆ ಉಂಟು. ಒಂದು, ಮನೆ ಗೇಟಿನ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಳಗೆ ಬರುವಾಗ ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಆಗುತ್ತದೆ, ಹ್ಯಾಂಡ್‌ಬ್ರೇಕ್ ಅರ್ಧ ಎಳೆದೇ ಇಟ್ಟ ಹಾಗೆ, ಜೊತೆಗೆ ಕಟಕಟ ಅಂತ ಒಂದು ನಡುಕ. ಎರಡನೆಯದು, ಮೊನ್ನೆ ಮಾವನ ಮನೆಗೆ ತೀರ್ಥಹಳ್ಳಿಗೆ ಹೋಗುವಾಗ ಸೋಮೇಶ್ವರ ದಾಟಿ ಘಾಟಿ ಹತ್ತಿದೆ, ಏಳೋ ಎಂಟೋ ತಿರುವು ಆಗುವಷ್ಟರಲ್ಲಿ ಮೀಟರಿನಲ್ಲಿ ಆಲ್ ವೀಲ್ ಡ್ರೈವ್ ಬಿಸಿಯಾಗಿದೆ, ಸದ್ಯಕ್ಕೆ ಆಫ್ ಅಂತ ಬಂತು. ಮೇಲೆ ಹೋಗಿ ಹದಿನೈದು ನಿಮಿಷ ನಿಲ್ಲಿಸಿದೆ, ಚಹಾ ಕುಡಿದು ಬರುವಾಗ ದೀಪ ಹೋಗಿತ್ತು.

ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ನೋಡಿ ಹಿಂದಿನ ಕಪ್ಲಿಂಗ್ (ಬೇಕಾದಾಗ ಹಿಂದಿನ ಚಕ್ರಕ್ಕೆ ಶಕ್ತಿ ದಾಟಿಸುವ ಭಾಗ) ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು, ಎಲ್ಲ ಸೇರಿ 1,40,000 ಆಗಬಹುದು ಅಂದರು. ವಾರಂಟಿ ಮುಗಿದಿದೆ. ರಾತ್ರಿ ನಿದ್ದೆ ಬರುತ್ತಿಲ್ಲ ಮಾರಾಯ್ರೆ. ಯಾರಿಗಾದರೂ ಹೀಗೆ ಆಗಿದೆಯಾ?

ಬಜ್ಪೆ ಬಿಳಿಕಾರು:
ಉಡುಪಿಯಲ್ಲಿ ಆಲ್ ವೀಲ್ ಡ್ರೈವ್ ಯಾಕೆ ಅಂತ ಮೊದಲು ಹೇಳಿ. ಹಿಮ ಬೀಳುತ್ತದಾ ಅಲ್ಲಿ?

ಪರ್ಕಳದವ:
ಹಿಮ ಇಲ್ಲ, ಪಾಚಿ ಉಂಟು. ನಮ್ಮ ಮನೆ ಗುಡ್ಡೆಯ ಮೇಲೆ. ರಸ್ತೆಯಿಂದ ಮೇಲೆ ಅಂಗಳಕ್ಕೆ ಮುರಕಲ್ಲು ಕಡಿದು ಮಾಡಿದ ದಾರಿ, ಜುಲೈಯಲ್ಲಿ ಸಾಬೂನು ಹಚ್ಚಿದ ಹಾಗೆ ಇರುತ್ತದೆ. ಹಳೆಯ ಕಾರು ಮಳೆಗಾಲ ಪೂರ್ತಿ ಕೆಳಗೇ ನಿಲ್ಲುತ್ತಿತ್ತು, ಅಮ್ಮನನ್ನು ಮೇಲಿನಿಂದ ಕೈ ಹಿಡಿದು ಇಳಿಸಬೇಕಿತ್ತು. ಅದಕ್ಕೇ ಇದು.

ಘಾಟಿ14:
ಒಂದು ಪ್ರಶ್ನೆ. ಲಾಕ್ ಬಟನ್ ಒತ್ತಿ ಇಟ್ಟಿದ್ದೀರಾ? ತುಂಬಾ ಜನ ಮಳೆ ಅಂದಕೂಡಲೇ ಅದನ್ನು ಒತ್ತುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಲಾಕ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು ಅಂತ ಕಾರು ಹಟ ಹಿಡಿಯುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಚಿಕ್ಕ ಸುತ್ತು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಜಾಗ ಇಲ್ಲ, ಆವಾಗ ಕಪ್ಲಿಂಗ್ ಒಳಗಿನ ಪ್ಲೇಟುಗಳೇ ಉಜ್ಜಿಕೊಳ್ಳಬೇಕು. ತುಂಬಾ ಕಾರುಗಳಲ್ಲಿ 40 ಕಿ.ಮೀ. ವೇಗ ದಾಟಿದರೆ ಲಾಕ್ ತಾನೇ ಬಿಡುತ್ತದೆ. ಆದರೆ ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು, ಅಲ್ಲಿ 40 ಎಲ್ಲಿ ದಾಟುತ್ತೀರಿ? ಕೆಳಗಿನಿಂದ ಮೇಲಿನವರೆಗೂ ಲಾಕ್‌ನಲ್ಲೇ ಹೋದ ಹಾಗೆ.

ಪರ್ಕಳದವ:
ಅಯ್ಯೋ ಹೌದು. ಹೆಬ್ರಿಯಲ್ಲಿ ಜೋರು ಮಳೆ ಇತ್ತು, ಆವಾಗ ಒತ್ತಿದ್ದೆ. ಆದರೆ ಗೇಟಿನ ಹತ್ತಿರ ಕಟಕಟ ಲಾಕ್ ಇಲ್ಲದಿದ್ದರೂ ಬರುತ್ತದೆ. ಈಗಷ್ಟೇ ಹೋಗಿ ನೋಡಿ ಬಂದೆ, ಕೊಡೆ ಹಿಡಿದು. ಸ್ವಲ್ಪ ಕಮ್ಮಿ, ಆದರೆ ಉಂಟು.

ಕಡಬ ರಬ್ಬರ್:
ಸಿವಿ ಜಾಯಿಂಟ್ ಇರಬಹುದು, ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟಿನ ಕೀಲು. ಮುಂದಿನ ಚಕ್ರದ ಒಳಬದಿಯಲ್ಲಿ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ನೋಡಿ. ಇನ್ನೊಂದು, ಇಲಿ. ನನ್ನ ಕಾರಿನಲ್ಲಿ ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಹಿಡಿದು ನಿಲ್ಲದ ಹಾಗೆ ನೋಡುವ ವ್ಯವಸ್ಥೆ) ಸೆನ್ಸರ್ ವಯರ್ ಇಲಿ ಕಡಿದು ಮೀಟರ್ ಪೂರ್ತಿ ದೀಪಾವಳಿ ಆಗಿತ್ತು. ರಬ್ಬರ್ ತೋಟದ ನಡುವೆ ಮನೆ, ಮಳೆ ಬಂದರೆ ಇಲಿಗೆ ನನ್ನ ಬಾನೆಟ್ ಒಳಗೇ ಬಿಡಾರ.

ಕೊಟ್ಟಾರ ಗ್ಯಾರೇಜು:
ಸಿವಿ ಜಾಯಿಂಟ್ ಆದರೆ ಆಕ್ಸಿಲೇಟರ್ ಒತ್ತಿ ತಿರುಗಿಸುವಾಗ ಟಕ್ ಟಕ್ ಟಕ್ ಅಂತ ಸ್ಪಷ್ಟ ಸದ್ದು, ವೇಗದ ಜೊತೆ ಜಾಸ್ತಿ ಆಗುತ್ತದೆ. ಕಾರನ್ನು ಹಿಡಿದು ಎಳೆದ ಹಾಗೆ ಆಗುವುದಿಲ್ಲ. ಬೇರಿಂಗ್ ಆದರೆ ಹೂಂ ಅಂತ ಗುಂಯ್‌ಗುಡುತ್ತದೆ, ನೇರ ರಸ್ತೆಯಲ್ಲೂ. ವಯರ್ ಕಡಿದಿದ್ದರೆ ಎಬಿಎಸ್ ದೀಪವೂ ಹೊತ್ತಿಕೊಂಡಿರುತ್ತಿತ್ತು, ನಿಂತ ಮೇಲೆ ತಾನೇ ಹೋಗುವುದಿಲ್ಲ. ನಿಮ್ಮದು ಬಿಸಿಯಾಗಿ, ತಣಿದ ಮೇಲೆ ಸರಿಯಾದದ್ದು. ಅಂದರೆ ಕಪ್ಲಿಂಗ್ ಸತ್ತಿಲ್ಲ, ಅದಕ್ಕೆ ಕೆಲಸ ಜಾಸ್ತಿ ಆಗಿದೆ. ಯಾಕೆ ಜಾಸ್ತಿ ಆಯಿತು ಅಂತ ಹುಡುಕಬೇಕು.

ಒಂದು ಕೇಳುತ್ತೇನೆ, ನೆನಪು ಮಾಡಿ ಹೇಳಿ. ಇದು ಶುರು ಆಗುವ ಮೊದಲು ಕಾರಿಗೆ ಎಂತ ಮಾಡಿಸಿದ್ದೀರಿ?

ಪರ್ಕಳದವ:
ಏನೂ ಇಲ್ಲ ಅಣ್ಣ. ಮೇ ಕೊನೆಯಲ್ಲಿ ತೊಳೆಸಿದ್ದು. ಮತ್ತೆ ಟಯರ್ ಹಾಕಿಸಿದ್ದು, ಅಷ್ಟೇ.

ಕೊಟ್ಟಾರ ಗ್ಯಾರೇಜು:
ಎಷ್ಟು ಟಯರ್?

ಪರ್ಕಳದವ:
ಎರಡು. ಹಿಂದಿನ ಒಂದಕ್ಕೆ ಮುರಕಲ್ಲು ತಾಗಿ ಬದಿ ಸೀಳಿತ್ತು. ಒಂದೇ ಹಾಕಬಾರದು, ಎರಡು ಹಾಕಿ, ಹೊಸದು ಯಾವಾಗಲೂ ಹಿಂದಕ್ಕೇ ಇರಬೇಕು ಅಂತ ಅಂಗಡಿಯವರು ಹೇಳಿದರು. ಮುಂದಿನದು ಹಳೆಯದೇ, ಆದರೆ ಗ್ರಿಪ್ ಇನ್ನೂ ಚೆನ್ನಾಗಿ ಉಂಟು. ಇದಕ್ಕೂ ಅದಕ್ಕೂ ಎಂತ ಸಂಬಂಧ?

ಕೊಟ್ಟಾರ ಗ್ಯಾರೇಜು:
ಅಲ್ಲೇ ಇರುವುದು ಸಂಬಂಧ. ಅಂಗಡಿಯವರು ಹೇಳಿದ್ದು ತಪ್ಪಲ್ಲ, ಮುಂದಿನ ಚಕ್ರ ಮಾತ್ರ ಎಳೆಯುವ ಕಾರಿಗೆ ಅದು ಸರಿಯಾದ ಮಾತೇ, ಮಳೆಯಲ್ಲಿ ಹಿಂಬದಿ ಜಾರಬಾರದು ಅಂತ. ಆದರೆ ನಿಮ್ಮದು ನಾಲ್ಕೂ ಚಕ್ರದ ಕಾರು.

ನಿಮ್ಮ ಟಯರ್ ಅಳತೆ 215/60 ಆರ್ 17 ಇರಬೇಕು ಅಂದುಕೊಳ್ಳುತ್ತೇನೆ. ಹೊಸದರ ಅಡ್ಡಳತೆ ಸುಮಾರು 690 ಮಿ.ಮೀ., ಒಂದು ಸುತ್ತಿಗೆ 2,167 ಮಿ.ಮೀ. ಹೋಗುತ್ತದೆ. ಹೊಸ ಟಯರಿನ ಗ್ರಿಪ್ ಆಳ ಸುಮಾರು 8 ಮಿ.ಮೀ. ಹಳೆಯದು 4ಕ್ಕೆ ಇಳಿದಿದ್ದರೆ ಅದರ ಒಂದು ಸುತ್ತು 25 ಮಿ.ಮೀ. ಕಮ್ಮಿ. ನಿಮಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಕಿಲೋಮೀಟರಿಗೆ ಮುಂದಿನ ಚಕ್ರ ಹಿಂದಿನದಕ್ಕಿಂತ ಐದು ಸುತ್ತು ಜಾಸ್ತಿ ತಿರುಗುತ್ತದೆ. ಪರ್ಕಳದಿಂದ ಆಗುಂಬೆ 50 ಕಿ.ಮೀ. ಹಿಡಿಯಿರಿ, 250 ಸುತ್ತು ದಾಟಿತು.

ಈಗ ಕಾರಿನ ಕಂಪ್ಯೂಟರ್ ಎಂತ ತಿಳಿದುಕೊಳ್ಳುತ್ತದೆ? ಅದಕ್ಕೆ ಟಯರ್ ಸವೆದದ್ದು ಕಾಣುವುದಿಲ್ಲ, ಚಕ್ರದ ಸೆನ್ಸರ್ ಕೊಡುವ ಲೆಕ್ಕ ಮಾತ್ರ ಕಾಣುತ್ತದೆ. ಮುಂದಿನ ಚಕ್ರ ಬೇಗ ತಿರುಗುತ್ತಿದೆ, ಅಂದರೆ ಜಾರುತ್ತಿದೆ, ಹಿಂದಕ್ಕೆ ಶಕ್ತಿ ಕಳಿಸು ಅಂತ ಕಪ್ಲಿಂಗ್ ಪ್ಲೇಟುಗಳನ್ನು ಒತ್ತುತ್ತದೆ. ಒಣ ರಸ್ತೆಯಲ್ಲೂ, ಮಣಿಪಾಲ ಪೇಟೆಯಲ್ಲೂ, ದಿನಪೂರ್ತಿ. ಪ್ಲೇಟು ಉಜ್ಜುತ್ತದೆ, ಆಯಿಲ್ ಬಿಸಿಯಾಗುತ್ತದೆ. ಆಯಿಲ್ ಕೆಟ್ಟರೆ ಪ್ಲೇಟು ನುಣ್ಣಗೆ ಜಾರುವ ಬದಲು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ನಿಮ್ಮ ಕಟಕಟ ಅದೇ. ಅದರ ಮೇಲೆ ನೀವು ಘಾಟಿಯಲ್ಲಿ ಲಾಕ್ ಬೇರೆ ಹಾಕಿದ್ದೀರಿ.

ಒಂದು ಸೀಮೆಸುಣ್ಣ ಸಾಕು ಪರೀಕ್ಷೆಗೆ. ಮೊದಲು ನಾಲ್ಕೂ ಟಯರಿನ ಗಾಳಿ ಸರಿಮಾಡಿ, ಡ್ರೈವರ್ ಬಾಗಿಲಿನ ಕಂಬದ ಮೇಲೆ ಬರೆದಿರುತ್ತದೆ. ಮತ್ತೆ ಸಮತಟ್ಟು ಜಾಗದಲ್ಲಿ ಒಂದೇ ಬದಿಯ ಮುಂದಿನ, ಹಿಂದಿನ ಟಯರ್ ನೆಲಕ್ಕೆ ತಾಗುವಲ್ಲಿ ಗುರುತು ಹಾಕಿ. ನೇರ, ನಿಧಾನ, ಹಿಂದಿನ ಚಕ್ರ ಸರಿಯಾಗಿ ಹತ್ತು ಸುತ್ತು ಆಗುವವರೆಗೆ ಓಡಿಸಿ. ನಿಲ್ಲಿಸಿ ಮುಂದಿನ ಗುರುತು ಎಲ್ಲಿದೆ ನೋಡಿ. 22 ಮೀಟರ್ ಜಾಗ ಬೇಕು.

ಬಜ್ಪೆ ಬಿಳಿಕಾರು:
ಉಡುಪಿಯಲ್ಲಿ 22 ಮೀಟರ್ ಸಮತಟ್ಟು ಜಾಗ ಹುಡುಕುವುದೇ ದೊಡ್ಡ ರಿಪೇರಿ.

ಪರ್ಕಳದವ:
ಸಿಕ್ಕಿತು. ಆಟಿ ತಿಂಗಳು ಅಲ್ವಾ, ಮದುವೆ ಇಲ್ಲ, ಮದುವೆ ಹಾಲ್‌ಗಳೆಲ್ಲ ಖಾಲಿ. ಹತ್ತಿರದ ಹಾಲಿನ ವಾಚ್‌ಮನ್ ಹತ್ತಿರ ಕೇಳಿ ಇಂಟರ್‌ಲಾಕ್ ಹಾಕಿದ ಪಾರ್ಕಿಂಗ್‌ನಲ್ಲಿ ಮಾಡಿದೆ. ಒದ್ದೆ ಟಯರಿಗೆ ಸೀಮೆಸುಣ್ಣ ಹಿಡಿಯುವುದಿಲ್ಲ, ಬಿಳಿ ಟೇಪ್ ಅಂಟಿಸಿದೆ. ಅಳಿಯ ಪಕ್ಕದಲ್ಲಿ ನಡೆದುಕೊಂಡು ಒಂದು, ಎರಡು ಅಂತ ಎಣಿಸಿದ. ವಾಚ್‌ಮನ್ ನಮಗೆ ತಲೆ ಕೆಟ್ಟಿದೆ ಅಂತಲೇ ತಿಳಿದುಕೊಂಡಿರಬೇಕು.

ಹಿಂದಿನದು ಹತ್ತು ಸುತ್ತು ಆದಾಗ ಮುಂದಿನ ಗುರುತು ಒಂದು ಗೇಣಿಗಿಂತ ಜಾಸ್ತಿ ಮುಂದೆ ಹೋಗಿತ್ತು. ಅಳತೆ ಟೇಪ್ ಹಿಡಿದು ನೋಡಿದೆ, 26 ಸೆಂ.ಮೀ. ಎರಡು ಸಲ ಮಾಡಿದೆ, ಅಷ್ಟೇ ಬಂತು. ಪಂಚರ್ ಅಂಗಡಿಯಲ್ಲಿ ಗೇಜ್ ಹಾಕಿಸಿದೆ, ಹಿಂದೆ ಏಳೂವರೆ, ಮುಂದೆ 4 ಮಿ.ಮೀ.ಗೂ ಒಂದು ಚೂರು ಕಮ್ಮಿ. ಮತ್ತೆ ಹೇಳಲು ನಾಚಿಕೆ ಆಗುತ್ತದೆ, ಮೊದಲು ಗಾಳಿ ನೋಡಿದಾಗ ಮುಂದೆ 27 ಪಿಎಸ್‌ಐ ಇತ್ತು, 33 ಇರಬೇಕಿತ್ತು.

ಕಡಬ ರಬ್ಬರ್:
ಹಾಗಾದರೆ ಹೊಸದು ಎರಡನ್ನೂ ಎಡಬದಿಗೆ ಹಾಕಿ, ಹಳೆಯದು ಬಲಬದಿಗೆ. ಮುಂದೆ ಹಿಂದೆ ಲೆಕ್ಕ ಸರಿ ಆಯಿತಲ್ಲ. ಖರ್ಚು ಸೊನ್ನೆ.

ಕೊಟ್ಟಾರ ಗ್ಯಾರೇಜು:
ತಲೆ ಓಡಿಸಿದ್ದೀರಿ, ಆದರೆ ಮಾಡಬೇಡಿ. ಆವಾಗ ಎಡಕ್ಕೂ ಬಲಕ್ಕೂ ವ್ಯತ್ಯಾಸ. ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ) ಒಳಗಿನ ಚಿಕ್ಕ ಗೇರುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಬೇಕು. ಅದಕ್ಕಿಂತ ಮುಖ್ಯ, ಪಡುಬಿದ್ರೆ ಹತ್ತಿರ ಹೈವೇಯಲ್ಲಿ ನೀರು ನಿಂತಿರುವಾಗ ಜೋರು ಬ್ರೇಕ್ ಹೊಡೆದರೆ ಒಂದು ಬದಿ ಹಿಡಿಯುತ್ತದೆ, ಇನ್ನೊಂದು ಬದಿ ತೇಲುತ್ತದೆ.

ಪರ್ಕಳದವರೆ, ಮುಂದಕ್ಕೂ ಎರಡು ಹೊಸದು ಹಾಕಿ. ಅದೇ ಕಂಪನಿ, ಅದೇ ಡಿಸೈನು, ಅದೇ ಅಳತೆ. ಕಾನೂನು ಪ್ರಕಾರ 1.6 ಮಿ.ಮೀ.ವರೆಗೆ ಓಡಿಸಬಹುದು, ಅದು ಬೇರೆ ಮಾತು. ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಇರಬಹುದು ಅಂತ ಮ್ಯಾನುಯಲ್‌ನಲ್ಲಿ ನೋಡಿ, ಸಾಮಾನ್ಯ ಎರಡು ಮೂರು ಮಿ.ಮೀ. ಒಳಗೆ. ಇನ್ನು ಮೇಲೆ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿ.

ಆಮೇಲೆ ಕಪ್ಲಿಂಗ್ ಆಯಿಲ್. ಕೆಲವು ಕಾರಿನಲ್ಲಿ ಕಪ್ಲಿಂಗ್‌ಗೆ ಬೇರೆ ಆಯಿಲ್, ಡಿಫರೆನ್ಷಿಯಲ್‌ಗೆ ಬೇರೆ. ಕೆಲವದರಲ್ಲಿ ಕಪ್ಲಿಂಗ್ ಸೀಲ್ ಮಾಡಿರುತ್ತಾರೆ, ಬೋಲ್ಟೇ ಇಲ್ಲ. ನಿಮ್ಮದರಲ್ಲಿ ಬೋಲ್ಟ್ ಇದ್ದರೆ ಬದಲಾಯಿಸಿ. ಆದರೆ ದಯವಿಟ್ಟು ಯಾರೂ 90 ನಂಬರ್ ಗೇರ್ ಆಯಿಲ್ ಹಾಕಲು ಬಿಡಬೇಡಿ. ಆಯಿಲ್‌ನಲ್ಲಿ ಮುಳುಗಿರುವ ಪ್ಲೇಟಿನ ಕಪ್ಲಿಂಗ್‌ಗೆ ಕಂಪನಿ ಹೇಳಿದ್ದೇ ಬೇಕು. ಇಷ್ಟೆಲ್ಲ ಆದ ಮೇಲೂ ಕಟಕಟ ಇದ್ದರೆ ಆವಾಗ ಒಂದು ಲಕ್ಷದ ಮಾತು ಆಡುವ.

ಘಾಟಿ14:
ಇನ್ನೊಂದು ನೆನಪಾಯಿತು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕಾರು ಕೆಟ್ಟು ನಿಂತರೆ ಮುಂದಿನ ಚಕ್ರ ಎತ್ತಿ, ಹಿಂದಿನದನ್ನು ಉರುಳಿಸಿಕೊಂಡು ಎಳೆಯಲು ಬಿಡಬೇಡಿ. ಪೂರ್ತಿ ಮೇಲೆ ಹತ್ತಿಸುವ ಗಾಡಿಯೇ ಬೇಕು. ನನ್ನ ಗೆಳೆಯನಿಗೆ ಹೀಗೆ ಎಳೆದು ಸಕಲೇಶಪುರ ತಲುಪುವಷ್ಟರಲ್ಲಿ ಹಿಂದೆ ಹೊಗೆ ಬಂದಿತ್ತು.

ಪರ್ಕಳದವ:
ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿ ಹೋಗುವ ಅಂತ ಬಂದೆ. ಮುಂದಕ್ಕೆ ಎರಡು ಹಾಕಿಸಿದೆ. ಆಯಿಲ್ ಬದಲಾಯಿಸಲು ಮೂರು ಕಡೆ ಕೇಳಬೇಕಾಯಿತು, ಇಬ್ಬರು ಅಂಥದ್ದೊಂದು ಆಯಿಲ್ ಇದೆ ಅಂತಲೇ ಒಪ್ಪಲಿಲ್ಲ. ಮ್ಯಾನುಯಲ್ ಪುಟ ತೋರಿಸಿದ ಮೇಲೆ ಮೂರನೆಯವರು ತರಿಸಿದರು. ಒಳಗಿದ್ದದ್ದು ಒಂದು ಲೀಟರೂ ಇಲ್ಲ, ಕಾಫಿ ಡಿಕಾಕ್ಷನ್ ಹಾಗೆ ಕಪ್ಪು, ಸುಟ್ಟ ವಾಸನೆ. ಹೊಸದು ಹಾಕಿ ಅದೇ ಹಾಲಿನ ಪಾರ್ಕಿಂಗ್‌ನಲ್ಲಿ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸಲ ನಿಧಾನ ತಿರುಗಿಸಿದೆ. ಮೊದಲ ಎರಡು ಸುತ್ತಿಗೆ ಸ್ವಲ್ಪ ಕಟಕಟ, ಆಮೇಲೆ ಇಲ್ಲ.

ನಿನ್ನೆ ಘಾಟಿ ಹತ್ತಿದೆ. ಮಳೆ ಅಂದರೆ ಮಳೆ, ಮಂಜು ಬೇರೆ. ಲಾಕ್ ಮುಟ್ಟಲಿಲ್ಲ. 14 ತಿರುವೂ ಆಯಿತು, ದೀಪ ಬರಲಿಲ್ಲ. ಮಾವ ಯಾಕೆ ಇಷ್ಟು ಖುಷಿ ಅಂತ ಕೇಳಿದರು, ಹೇಳಿದರೆ ಅರ್ಥ ಆಗುವುದಿಲ್ಲ. ಟಯರ್, ಆಯಿಲ್, ಕೂಲಿ ಎಲ್ಲ ಸೇರಿ 25,000ದ ಒಳಗೆ. ಗೇಟಿನ ಹತ್ತಿರ ಈಗ ಬೆಣ್ಣೆ ಹಾಗೆ ತಿರುಗುತ್ತದೆ. ಕೊಟ್ಟಾರದ ಅಣ್ಣನಿಗೆ ದೊಡ್ಡ ನಮಸ್ಕಾರ, ಮಂಗಳೂರಿಗೆ ಬಂದಾಗ ಗೋಳಿಬಜೆ ನನ್ನ ಲೆಕ್ಕ.

ಕೊಟ್ಟಾರ ಗ್ಯಾರೇಜು:
ಗೋಳಿಬಜೆ ಆಗಬಹುದು. ಒಂದು ಬಾಕಿ ಉಂಟು. ಆಲ್ ವೀಲ್ ಡ್ರೈವ್ ಹತ್ತಿಸಲು ಮಾತ್ರ, ನಿಲ್ಲಿಸಲು ಅಲ್ಲ. ಇಳಿಯುವಾಗ ಚಿಕ್ಕ ಗೇರಿನಲ್ಲೇ ಇಳಿಯಿರಿ, ನಿಮ್ಮ ಪಾಚಿ ದಾರಿಯಲ್ಲೂ.

ಪರ್ಕಳದವ:
ಆಯಿತು. ಬಿಚ್ಚಿದ ಹಳೆಯ ಎರಡು ಟಯರ್ ಯಾರಿಗಾದರೂ ಬೇಕಾ? ಮುಂದಿನ ಚಕ್ರ ಮಾತ್ರ ಎಳೆಯುವ ಕಾರಿನವರಿಗೆ ಇನ್ನೂ ಸ್ವಲ್ಪ ಕಾಲ ಬರಬಹುದು. ಇಲ್ಲದಿದ್ದರೆ ಹೆಂಡತಿ ಮಲ್ಲಿಗೆ ಗಿಡ ನೆಡುತ್ತೇನೆ ಅಂತ ಕಾಯುತ್ತಿದ್ದಾಳೆ.

ಬಜ್ಪೆ ಬಿಳಿಕಾರು:
ಮಲ್ಲಿಗೆ ನೆಡುವುದಾದರೆ ಟಯರಿನ ಅಡಿಗೆ ನಾಲ್ಕು ತೂತು ಮಾಡಿ. ಮಳೆನೀರು ನಿಂತು ಸೊಳ್ಳೆ ಆಗುತ್ತದೆ.