ಬೀಟ್‌ರೂಟ್ ಸೊಪ್ಪು ಕಿತ್ತರೆ ಗೆಡ್ಡೆ ಬಲಿಯುವುದಿಲ್ಲವೇ? (ಪುಣೆ, ಟೆರೇಸ್ ಮೇಲೆ)

ಕೋಥ್ರೂಡ್_ಟೆರೇಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಮೇಲಿನ ಮಹಡಿ, ಸಣ್ಣ ಟೆರೇಸ್ ಇದೆ. ಬೆಳಗ್ಗೆಯಿಂದ ಮಧ್ಯಾಹ್ನ ಒಂದು ಗಂಟೆವರೆಗೆ ಒಳ್ಳೆ ಬಿಸಿಲು. ದೀಪಾವಳಿ ಮುಗಿದ ಮೇಲೆ ಗ್ರೋ ಬ್ಯಾಗಿನಲ್ಲಿ ಬೀಟ್‌ರೂಟ್ ಬೀಜ ಹಾಕಿದೆ, ಪ್ಯಾಕೆಟ್ ಮೇಲೆ ಡೆಟ್ರಾಯ್ಟ್ ಡಾರ್ಕ್ ರೆಡ್ ಅಂತ ಇತ್ತು. ಈಗ ಗೇಣುದ್ದ ಸೊಪ್ಪು ಬಂದಿದೆ, ಕೆಂಪು ದಂಟು, ನೋಡೋದಕ್ಕೇ ಖುಷಿ. ನಮ್ಮ ಅತ್ತೆ ಧಾರವಾಡದವರು, ಅವರಿಗೆ ದಿನಾ ಆ ಸೊಪ್ಪಿನ ಮೇಲೇ ಕಣ್ಣು, ತೊಗರಿಬೇಳೆ ಹಾಕಿ ಪಲ್ಯ ಮಾಡೋಣ ಅನ್ನುತ್ತಾರೆ. ಸೊಸೈಟಿಯ ಮಾಲಿ ಕಾಕಾ ಮಾತ್ರ ಎಲೆ ಮುಟ್ಟಲೇಬೇಡಿ, ಗೆಡ್ಡೆ ಬರೋದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ, ಒಂದೇ ಬೀಜ ಹಾಕಿದ ಕಡೆ ಎರಡು ಮೂರು ಸಸಿ ಎದ್ದಿವೆ. ಇದು ಸರಿನಾ, ಅಥವಾ ಬೀಜದಲ್ಲೇ ಏನಾದರೂ ಗಡಿಬಿಡಿನಾ?

ಡೊಂಬಿವಲಿ_ಗ್ಯಾಲರಿ

ಇಬ್ಬರೂ ಅರ್ಧರ್ಧ ಸರಿ. ಗೆಡ್ಡೆಗೆ ಬೇಕಾದ ಸಕ್ಕರೆ ತಯಾರಾಗೋದು ಎಲೆಯಲ್ಲೇ, ಹಾಗಾಗಿ ಗಿಡ ಬೋಳು ಮಾಡಿದರೆ ಗೆಡ್ಡೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಗಿಡಕ್ಕೆ ಒಂದೋ ಎರಡೋ ಹೊರಗಿನ ಎಲೆ ತೆಗೆದರೆ ಏನೂ ಆಗುವುದಿಲ್ಲ. ನಡುವಿನ ಎಳೆ ಸುಳಿ ಮಾತ್ರ ಮುಟ್ಟಬೇಡಿ. ವಾರ ಬಿಟ್ಟು ಮತ್ತೆ ಒಂದೆರಡು. ಗಿಡ ಜಾಸ್ತಿ ಇದ್ದರೆ ಹೀಗೆ ಸುತ್ತು ಹಾಕಿಕೊಂಡು ಕಿತ್ತರೂ ಒಂದು ಪಲ್ಯಕ್ಕೆ ಆಗುವಷ್ಟು ಬರುತ್ತದೆ.

ಬೀಜದಲ್ಲಿ ಗಡಿಬಿಡಿ ಏನಿಲ್ಲ. ಅಂಗಡಿಯಲ್ಲಿ ಬೀಜ ಅಂತ ಕೊಡುವ ಆ ಒರಟು ಉಂಡೆ ಒಂದು ಬೀಜ ಅಲ್ಲ, ಒಂದಕ್ಕೊಂದು ಅಂಟಿಕೊಂಡು ಒಣಗಿದ ಕಾಯಿಗಳ ಗೊಂಚಲು. ಒಳಗೆ ಎರಡರಿಂದ ನಾಲ್ಕು ಬೀಜ ಇರುತ್ತವೆ. ಒಂದು ದಪ್ಪ ಸಸಿ ಉಳಿಸಿ, ಬಾಕಿಯದನ್ನು ಕತ್ತರಿಯಿಂದ ಬುಡದಲ್ಲೇ ಕತ್ತರಿಸಿ. ಎಳೆದು ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಗಿಡದಿಂದ ಗಿಡಕ್ಕೆ 8-10 ಸೆಂ.ಮೀ. ಇರಲಿ. ನಿಮ್ಮ ಅತ್ತೆಯವರ ಮೊದಲ ಪಲ್ಯ ಈ ಕತ್ತರಿಸಿದ ಸಸಿಗಳಲ್ಲೇ ಆಗಿಬಿಡುತ್ತದೆ ನೋಡಿ, ಎಳೆಯದು, ದಂಟು ಸಮೇತ ಬೇಯುತ್ತದೆ.

ವಾಸ್ಕೋ_ಕೆಂಪುಮಣ್ಣು

ಕತ್ತರಿಸಿ ಯಾಕೆ ಹಾಳು ಮಾಡುತ್ತೀರಿ, ಸಂಜೆ ಹೊತ್ತು ನೀರು ಹಾಕಿ ಮೆತ್ತಗೆ ಎಬ್ಬಿಸಿ ಬೇರೆ ಕಡೆ ನೆಡಬಹುದಲ್ವಾ? ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು, ಆಮೇಲೆ ಬರುವ ನಿಜವಾದ ಎಲೆ ಎರಡು ಬಂದಿರುವಾಗ ಮಾಡಿದರೆ ಬದುಕುತ್ತವೆ.

ಗೋವಾದಲ್ಲಿ ನಮ್ಮ ತೊಂದರೆಯೇ ಬೇರೆ. ಇಲ್ಲಿಯದು ಜಂಬಿಟ್ಟಿಗೆ ಮಣ್ಣು, ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ, ಬೀಟ್‌ರೂಟ್‌ಗೆ ಹುಳಿ ಮಣ್ಣು ಕಂಡರೆ ಆಗೋದಿಲ್ಲ. ಬೀಜ ಹಾಕೋ ಎರಡು ಮೂರು ವಾರ ಮೊದಲೇ ಸ್ವಲ್ಪ ಸುಣ್ಣ ಬೆರೆಸಿ ಇಡಬೇಕು. ಸುಣ್ಣ ಜಾಸ್ತಿ ಸುರಿದರೆ ಇನ್ನೊಂದು ಪಜೀತಿ. ಮಣ್ಣಿನಲ್ಲಿರುವ ಬೋರಾನ್ ಗಿಡಕ್ಕೆ ಸಿಗೋದಿಲ್ಲ, ಗೆಡ್ಡೆ ಕೊಯ್ದರೆ ಒಳಗೆ ಕಪ್ಪು ಕಲೆ, ಅಲ್ಲಿ ಬೆಂಡಿನ ಹಾಗೆ ಗಟ್ಟಿ. ಮಾರ್ಕೆಟ್ ಬೀಟ್‌ರೂಟ್‌ನಲ್ಲೂ ಒಮ್ಮೊಮ್ಮೆ ಇದು ಕಾಣುತ್ತದೆ, ಜನ ಕೊಳೆತಿದೆ ಅಂದುಕೊಂಡು ಎಸೆಯುತ್ತಾರೆ. ಪುಣೆಯವರಿಗೆ ಸುಣ್ಣದ ಗೊಡವೆ ಬೇಡ, ಅಲ್ಲಿಯ ಕಪ್ಪು ಮಣ್ಣು ಹುಳಿ ಅಲ್ಲ. ಅದು ಅಂಟಂಟು, ಅಷ್ಟೇ.

ಹಡಪ್ಸರ_ಕೈತೋಟ

ವಾಸ್ಕೋ ಅಣ್ಣ, ಸಸಿ ಎಬ್ಬಿಸಿ ನೆಡೋದು ಸೊಪ್ಪಿಗಾದರೆ ಸರಿ. ಗೆಡ್ಡೆ ಬೇಕು ಅಂದರೆ ಬೇಡ. ತಾಯಿಬೇರಿನ ತುದಿ ಮುರಿದರೆ ಗೆಡ್ಡೆ ಕವಲೊಡೆದು ಬರುತ್ತದೆ. ಅದೂ ಅಲ್ಲದೆ ಇವರ ಸಸಿ ಆಗಲೇ ಗೇಣುದ್ದ ಆಗಿವೆ.

ಕೋಥ್ರೂಡ್‌ನವರೇ, ನಿಮ್ಮ ಬ್ಯಾಗಿಗೆ ಏನು ಗೊಬ್ಬರ ಹಾಕಿದ್ದೀರಿ ಅಂತ ಹೇಳಲೇ ಇಲ್ಲ. ಶೇಂಗಾ ಹಿಂಡಿ ನೆನೆಸಿದ ನೀರು ವಾರ ವಾರ ಹಾಕುತ್ತಿದ್ದರೆ ಈಗಲೇ ನಿಲ್ಲಿಸಿ. ಅದರಲ್ಲಿ ಸಾರಜನಕ ಜಾಸ್ತಿ, ಗಿಡ ಸೊಪ್ಪಿನಲ್ಲೇ ಮೆರೆಯುತ್ತದೆ, ಕೆಳಗೆ ಪೆನ್ಸಿಲ್ ದಪ್ಪದ ಬೇರು. ಎಲೆ ಕೀಳೋದರಿಂದ ಗೆಡ್ಡೆ ಕೆಡೋದು ಕಡಿಮೆ, ಗೊಬ್ಬರ, ನೆರಳು, ಇಕ್ಕಟ್ಟು ಈ ಮೂರರಿಂದ ಕೆಡೋದೇ ಹೆಚ್ಚು. ಮಾಲಿ ಕಾಕಾ ಎಲೆಯನ್ನು ಬೈಯುತ್ತಾರೆ, ತಪ್ಪು ಬೇರೆ ಕಡೆ ಇರುತ್ತದೆ.

ನಾನಾದರೆ ಮನೆಯಲ್ಲಿ ಜಗಳವೇ ಬರದ ಹಾಗೆ ಬ್ಯಾಗ್ ಬೇರೆ ಮಾಡುತ್ತೇನೆ. ಒಂದು ಬ್ಯಾಗ್ ಅತ್ತೆಗೆ: ಒತ್ತೊತ್ತಾಗಿ ಬಿತ್ತಿ, ಹಿಂಡಿ ನೀರು ಹಾಕಿ, ಬೇಕಾದಷ್ಟು ಸೊಪ್ಪು ಕೊಯ್ಯಲಿ. ಇನ್ನೊಂದು ಗೆಡ್ಡೆಗೆ: ಅಂತರ ಬಿಟ್ಟು, ಹಳೇ ಕೊಟ್ಟಿಗೆ ಗೊಬ್ಬರ, ಒಂದು ಮುಷ್ಟಿ ಬೂದಿ, ಅದನ್ನು ಯಾರೂ ಮುಟ್ಟೋ ಹಾಗಿಲ್ಲ. ಬರೀ ಸೊಪ್ಪೇ ಬೇಕಿದ್ದರೆ ಪಾಲಕ್ ಹಾಕಿದರೂ ಆಯಿತು. ನಮ್ಮ ದೇಶದ ಪಾಲಕ್ ಬೀಟ್‌ರೂಟ್‌ನದೇ ಜಾತಿ, ಎರಡೂ ಬೀಟಾ ವಲ್ಗ್ಯಾರಿಸ್. ಬೀಜ ಪಕ್ಕದಲ್ಲಿಟ್ಟು ನೋಡಿ, ಅದೇ ಒರಟು ಉಂಡೆ.

ಕೋಥ್ರೂಡ್_ಟೆರೇಸ್

ಹಿಂಡಿ ನೀರು ಹಾಕುತ್ತಿದ್ದದ್ದು ಹೌದು, ನಿಮಗೆ ಹೇಗೆ ಗೊತ್ತಾಯಿತು! ಬ್ಯಾಗ್ ಬೇರೆ ಮಾಡುವ ಐಡಿಯಾ ಅತ್ತೆಗೆ ಓದಿ ಹೇಳಿದೆ, ದೊಡ್ಡ ಬ್ಯಾಗ್ ನನಗೇ ಅಂದರು. ಗೆಡ್ಡೆ ಯಾವಾಗ ಕೀಳಬೇಕು? ಮಣ್ಣಿನಿಂದ ಮೇಲೆ ಗೆಡ್ಡೆಯ ಭುಜ, ಅಂದರೆ ಅದರ ಮೇಲ್ಭಾಗ, ಕಾಣುವಾಗ ಅಂತ ಎಲ್ಲೋ ಓದಿದೆ.

ಡೊಂಬಿವಲಿ_ಗ್ಯಾಲರಿ

ಭುಜ ಬೇಗನೇ ಕಾಣುತ್ತದೆ, ಅದನ್ನು ನೋಡಿ ಅವಸರ ಮಾಡಬೇಡಿ. ಬಿತ್ತಿ ಎರಡು ತಿಂಗಳ ಹೊತ್ತಿಗೆ ಪಕ್ಕದ ಮಣ್ಣು ಕೆದಕಿ ನೋಡಿ, 5-6 ಸೆಂ.ಮೀ. ದಪ್ಪ ಇದ್ದರೆ ಕಿತ್ತುಬಿಡಿ. ಇನ್ನೂ ದೊಡ್ಡದಾಗಲಿ ಅಂತ ಬಿಟ್ಟರೆ ನಾರಾಗುತ್ತದೆ. ನಿಮಗೆ ಜನವರಿವರೆಗೆ ಒಳ್ಳೆ ಚಳಿ ಸಿಗುತ್ತದೆ, ಪುಣ್ಯವಂತರು. ಮುಂಬೈ ಕಡೆ ಚಳಿ ಅನ್ನೋದು ಹೆಸರಿಗೆ. ಸೆಕೆ ಶುರುವಾದ ಮೇಲೆ ಬಲಿತ ಗೆಡ್ಡೆ ಕೊಯ್ದರೆ ಒಳಗೆ ಬಿಳಿ ಉಂಗುರ, ಬಣ್ಣವೂ ಪೇಲವ. ಅದಕ್ಕೇ ನಾವು ದೊಡ್ಡ ನಿಂಬೆಕಾಯಿ ಗಾತ್ರಕ್ಕೇ ಕಿತ್ತು, ಸೊಪ್ಪು ಗೆಡ್ಡೆ ಎರಡೂ ಸೇರಿಸಿ ಒಂದೇ ಹುಳಿ ಮಾಡಿಬಿಡುತ್ತೇವೆ.

ಹಡಪ್ಸರ_ಕೈತೋಟ

ಕೀಳುವಾಗ ಸೊಪ್ಪನ್ನು ಒಂದೆರಡು ಬೆರಳು ದಂಟು ಬಿಟ್ಟು ಕತ್ತರಿಸಿ, ಬುಡಕ್ಕೇ ಕೊಯ್ದರೆ ಬೇಯಿಸುವಾಗ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಈ ಸೊಪ್ಪು ದಿನಾ ಬೇಡ, ಪಾಲಕ್‌ನ ಹಾಗೇ ಇದರಲ್ಲೂ ಆಕ್ಸಲೇಟ್ ಜಾಸ್ತಿ. ಮತ್ತೆ ಬೀಟ್‌ರೂಟ್ ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಗಾಗುತ್ತದೆ, ಅದು ಬೀಟ್‌ರೂಟ್‌ನ ಬಣ್ಣವೇ. ಅತ್ತೆಗೆ ಮೊದಲೇ ಹೇಳಿಟ್ಟಿರಿ.