ನೀರಿಗೆ ಇಳಿಸುವ ಮೊದಲು ಹಾಯಿದೋಣಿಯಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ಕಳೆದ ವರ್ಷ ಒಂದು ಹಳೇ ಹಾಯಿದೋಣಿ ಕೊಂಡೆ. ಫೈಬರ್‌ಗ್ಲಾಸ್‌ನದು, ಸುಮಾರು 10 ಮೀಟರ್ ಉದ್ದ. ಒಳಗೆ ಡೀಸೆಲ್ ಎಂಜಿನ್, ಉದ್ದ ಶಾಫ್ಟ್‌ಗೆ ಪ್ರೊಪೆಲ್ಲರ್. ಆರು ತಿಂಗಳಿಂದ ಯಾರ್ಡ್‌ನಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ. ಇನ್ನು ಮೂರು ವಾರಕ್ಕೆ ಕ್ರೇನ್ ಬುಕ್ ಆಗಿದೆ. ನನಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ಅಂದರೆ ಕೈಯಲ್ಲಿರುವುದು ಆರೇ ದಿನ. ಮೊದಲ ವಾರ ಮೈಗೆ ಪಾಲಿಶ್, ಎರಡನೇ ವಾರ ತಳಕ್ಕೆ ಬಣ್ಣ, ಮೂರನೇ ವಾರ ಉಳಿದದ್ದು ಅಂದುಕೊಂಡಿದ್ದೇನೆ. ಈ ಕ್ರಮ ಸರೀನಾ?

ಉತ್ತರ: ಕ್ರಮ ತಲೆಕೆಳಗಾಗಿದೆ! ಪಾಲಿಶ್ ಕೊನೆಗೆ. ಆಗದೇ ಹೋದರೂ ಚಿಂತೆ ಇಲ್ಲ, ಹೊಳಪಿಲ್ಲ ಅಂತ ಯಾವ ದೋಣಿಯೂ ಮುಳುಗಿಲ್ಲ.

ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿ: ದೋಣಿ ತೇಲುತ್ತಿರುವಾಗ ಇದನ್ನು ಮಾಡಬಹುದಾ? ಮಾಡಬಹುದು ಅಂದರೆ ಪಕ್ಕಕ್ಕಿಡಿ. ವಿಂಚ್ ಬಿಚ್ಚುವುದು, ಹಾಯಿಯ ಹೊಲಿಗೆ ನೋಡುವುದು, ಹಗ್ಗ ತೊಳೆಯುವುದು ಎಲ್ಲ ಆಮೇಲೂ ಆಗುತ್ತದೆ. ನೀರಿನ ಗೆರೆಯ ಕೆಳಗಿರುವುದು ಮಾತ್ರ ಈಗಲೇ ಆಗಬೇಕು. ಇನ್ನೊಂದು ಮಾತು. ಮೊದಲ ವಾರ ಬರೀ ನೋಡಿ, ಏನನ್ನೂ ಬಳಿಯಬೇಡಿ. ಏನು ಕೆಟ್ಟಿದೆ ಅಂತ ಆಗಲೇ ಗೊತ್ತಾದರೆ ಭಾಗ ತರಿಸಲು ಎರಡು ವಾರ ಸಿಗುತ್ತದೆ.

ಶುರು ಮಾಡಬೇಕಾದದ್ದು ಸೀಕಾಕ್‌ಗಳಿಂದ, ಅಂದರೆ ತಳದ ತೂತುಗಳಿಗೆ ಕೂರಿಸಿರುವ ವಾಲ್ವ್‌ಗಳಿಂದ. ಹೊರಗಿನಿಂದ ತೂತು ಎಣಿಸಿ. ಒಳಗೆ ಹೋಗಿ ವಾಲ್ವ್ ಎಣಿಸಿ. ಲೆಕ್ಕ ತಾಳೆಯಾಗಬೇಕು. ತಾಳೆಯಾಗದೆ ಹುಡುಕಿದಾಗ, ಹಲಗೆಯ ಹಿಂದೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ವಾಲ್ವ್ ಸಿಕ್ಕಿದ್ದು ನಾನೇ ನೋಡಿದ್ದೇನೆ. ಪ್ರತಿ ಹಿಡಿಯನ್ನೂ ಪೂರ್ತಿ ತಿರುಗಿಸಿ. ಅರ್ಧಕ್ಕೆ ನಿಂತರೆ ಜೋರು ಮಾಡಬೇಡಿ, ಬಿಚ್ಚಿ ನೋಡಿ. ಹೋಸ್ ಪೈಪ್ ಮೆತ್ತಗಾಗಿದೆಯಾ, ಕ್ಲಿಪ್ ತುಕ್ಕು ಹಿಡಿದಿದೆಯಾ ನೋಡಿ. ಜಾಗ ಇದ್ದಲ್ಲಿ ಎರಡೆರಡು ಕ್ಲಿಪ್ ಇರಲಿ.

ಆಮೇಲೆ ಲೋಹವನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆಯಿರಿ. ಹಿತ್ತಾಳೆಯಾಗಿದ್ದರೆ ಹಳದಿ ಹೊಳಪು ಕಾಣಬೇಕು. ನಸುಗೆಂಪು ಕಂಡರೆ ಕೆಟ್ಟಿತು ಅಂತ ಅರ್ಥ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಉಪ್ಪುನೀರಿನಲ್ಲಿ ಸತು ಕರಗಿ ಹೋಗಿ, ಟೊಳ್ಳು ತಾಮ್ರ ಮಾತ್ರ ಉಳಿಯುತ್ತದೆ. ನೋಡೋಕೆ ಆಕಾರ ಹಾಗೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಕಾಲು ತಗುಲಿದರೆ ಸಾಕು, ಮುರಿದು ಕೈಗೆ ಬರುತ್ತದೆ. ಹಸಿರು ಕಿಲುಬಿಗೆ ಹೆದರಬೇಡಿ, ಅದು ಮೇಲಿನದು.

ಉಳಿದದ್ದು ಬೇಗ ಆಗುತ್ತದೆ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಸವೆದಿದೆ. ಚುಕ್ಕಾಣಿಯನ್ನೂ ಕೆಳತುದಿಯಲ್ಲಿ ಹಿಡಿದು ಹಾಗೇ ಮಾಡಿ. ಆನೋಡ್, ಅಂದರೆ ತಾನು ಕರಗಿ ಉಳಿದ ಲೋಹವನ್ನು ಕಾಯುವ ತುಂಡು, ಅರ್ಧ ಕರಗಿದ್ದರೆ ಹೊಸದು ಹಾಕಿ. ಉಪ್ಪುನೀರಿಗೆ ಸತು ಅಥವಾ ಅಲ್ಯುಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಕೀಲ್ (ತಳದಲ್ಲಿ ಇಳಿಬಿದ್ದಿರುವ ಭಾರದ ರೆಕ್ಕೆ) ಮತ್ತು ಹಲ್ (ದೋಣಿಯ ಒಡಲು) ಸೇರುವ ಸಂದನ್ನು, ಅದರಲ್ಲೂ ಮುಂದಿನ ತುದಿಯನ್ನು, ತೊಳೆದು ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಗೆರೆ ಇದ್ದರೆ ಮೇಲಿನ ಬಣ್ಣವೋ ಪುಟ್ಟಿಯೋ ಬಿರಿದಿರಬಹುದು. ಆದರೆ ಅಗಲವಾಗಿದ್ದರೆ, ತುಕ್ಕುನೀರು ಜಿನುಗುತ್ತಿದ್ದರೆ, ಅಥವಾ ದೋಣಿ ಯಾವಾಗಲಾದರೂ ನೆಲಕ್ಕೆ ಬಡಿದಿದ್ದರೆ ನೀವೇ ತೀರ್ಮಾನ ಮಾಡಬೇಡಿ, ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಸಿ. 2014ರಲ್ಲಿ ಚೀಕಿ ರಫೀಕಿ ಎಂಬ ಹಾಯಿದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿ ದೋಣಿ ಮಗುಚಿತು. ಅದರಲ್ಲಿದ್ದ ನಾಲ್ವರೂ ಉಳಿಯಲಿಲ್ಲ.

ಪ್ರಶ್ನೆ: ಥ್ಯಾಂಕ್ಸ್ ಸರ್. ಪಾಲಿಶ್ ಆಸೆ ಬಿಟ್ಟೆ. ತಳದ ಹಳೇ ಆ್ಯಂಟಿಫೌಲಿಂಗ್ ಬಣ್ಣವನ್ನು ಪೂರ್ತಿ ತೆಗೆಯಬೇಕಾ? ಕೆಲವು ಕಡೆ ಚಕ್ಕೆ ಎದ್ದಿದೆ.

ಉತ್ತರ: ಎಲ್ಲ ಕಡೆ ಏಳುತ್ತಿದ್ದರೆ ತೆಗೆಯಲೇಬೇಕು, ಅದು ಆರು ದಿನದ ಕೆಲಸವಲ್ಲ. ಅಲ್ಲಲ್ಲಿ ಮಾತ್ರ ಆದರೆ ಚಕ್ಕೆ ಕೆರೆದು, ಅಂಚು ಸಮ ಮಾಡಿ, ಅದರ ಮೇಲೇ ಬಳಿಯಿರಿ. ಹಳೆಯದು ಯಾವ ಬಗೆ ಅಂತ ಗೊತ್ತಿಲ್ಲದಿದ್ದರೆ ನಡುವೆ ಒಂದು ಟೈ ಕೋಟ್, ಅಂದರೆ ಎರಡನ್ನೂ ಬೆಸೆಯುವ ಪದರ, ಬೇಕು, ಇಲ್ಲದಿದ್ದರೆ ಹೊಸದು ಹಿಡಿಯುವುದಿಲ್ಲ.

ದಯವಿಟ್ಟು ಒಣಗಿದ್ದಾಗ ಉಜ್ಜಬೇಡಿ. ಪಾಚಿ, ಬಾರ್ನಕಲ್ ಅಂಟದಿರಲಿ ಅಂತಲೇ ಆ ಬಣ್ಣದಲ್ಲಿ ವಿಷ ಬೆರೆಸಿರುತ್ತಾರೆ, ಈಗ ಹೆಚ್ಚಾಗಿ ತಾಮ್ರದ್ದು. ಮುಂಚೆ ಟಿಬಿಟಿ ಎಂಬ ತವರದ ರಾಸಾಯನಿಕ ಇತ್ತು. ಕಪ್ಪೆಚಿಪ್ಪು, ಶಂಖದ ಹುಳುಗಳಿಗೆ ಅದು ಎಷ್ಟು ಕೆಟ್ಟದ್ದೆಂದರೆ, ಅದನ್ನು ನಿಷೇಧಿಸಲು 2001ರಲ್ಲಿ ಮಾಡಿಕೊಂಡ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ತಾಮ್ರದ ದೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಮತ್ತು ಕನ್ನಡಕ ಹಾಕಿ. ಕೆಳಗೆ ಹಾಳೆ ಹಾಸಿ, ಬಿದ್ದದ್ದನ್ನು ಯಾರ್ಡ್ ಹೇಳಿದ ಕಡೆಯೇ ಹಾಕಿ.

ಎರಡು ಕೋಟ್ ಸಾಕು. ನೀರಿನ ಗೆರೆ, ಕೀಲ್‌ನ ಮುಂದಂಚು, ಚುಕ್ಕಾಣಿಗೆ ಮೂರನೆಯದು ಹಾಕಿ, ಅಲ್ಲಿ ಸವೆತ ಜಾಸ್ತಿ. ಆನೋಡ್ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಬಣ್ಣ ಬಿದ್ದ ಆನೋಡ್ ಇದ್ದೂ ಇಲ್ಲದಂತೆ.

ಸ್ಟ್ಯಾಂಡ್ ಪ್ಯಾಡ್ ಕೆಳಗೆ ಬಳಿಯಲು ಅಂತ ನೀವೇ ಸ್ಟ್ಯಾಂಡ್ ಸರಿಸಬೇಡಿ. ಯಾರ್ಡ್‌ನವರೇ ಒಂದೊಂದಾಗಿ ಸರಿಸಿ ಕೊಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಸೇಲ್‌ಡ್ರೈವ್, ಅಂದರೆ ಉದ್ದ ಶಾಫ್ಟ್ ಬದಲು ತಳದಿಂದ ಕೆಳಗಿಳಿದ ಕಾಲಿಗೆ ಪ್ರೊಪೆಲ್ಲರ್. ಅದೇ ಡಬ್ಬಿಯಲ್ಲಿ ಮಿಕ್ಕ ಬಣ್ಣ ಅದಕ್ಕೂ ಬಳಿಯಬಹುದಾ?

ಉತ್ತರ: ಬೇಡ! ಅದರ ಕಾಲು ಅಲ್ಯುಮಿನಿಯಂ. ತಾಮ್ರದ ಬಣ್ಣ ತಗುಲಿದರೆ ಉಪ್ಪುನೀರಿನಲ್ಲಿ ಅದು ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಅಲ್ಯುಮಿನಿಯಂಗೆ ಹೊಂದುವುದು ಅಂತ ಡಬ್ಬಿ ಮೇಲೆ ಬರೆದಿರುವುದನ್ನೇ ತನ್ನಿ.

ಪ್ರಶ್ನೆ: ಸರ್, ಮೊದಲ ವಾರ ಮುಗಿಯಿತು. ಐದು ವಾಲ್ವ್ ಇವೆ. ಟಾಯ್ಲೆಟ್‌ನದನ್ನು ಕೆರೆದರೆ ನೀವು ಹೇಳಿದ ನಸುಗೆಂಪೇ ಬಂತು. ಉಳಿದ ನಾಲ್ಕು ಹಳದಿ. ಒಂದನ್ನೇ ಬದಲಾಯಿಸಿದರೆ ಸಾಕಾ? ಮತ್ತೆ, ಮಾಸ್ಟ್ ಹಿಡಿದಿರುವ ತಂತಿಗಳು ಎಷ್ಟು ಹಳೆಯವು ಅಂತ ಮಾರಿದವರಿಗೂ ಗೊತ್ತಿಲ್ಲ.

ಉತ್ತರ: ಐದೂ ಒಂದೇ ಕಾಲದವಾ? ಹಾಗಾದರೆ ಐದೂ ಬದಲಾಯಿಸಿ. ಒಂದು ಹೋಗಿದೆ ಅಂದರೆ ಉಳಿದವು ಸಾಲಿನಲ್ಲಿ ನಿಂತಿವೆ. ಕಂಚಿನವು, ಇಲ್ಲವೇ ದೋಣಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್‌ನವು ಹಾಕಿ. ಪ್ರತಿಯೊಂದರ ಪಕ್ಕ ಅದರ ಅಳತೆಯ ಮರದ ಬೂಚು ಕಟ್ಟಿಡಿ. ಪೈಪ್ ಕಿತ್ತುಬಂದ ಹೊತ್ತಿನಲ್ಲಿ ಡ್ರಾಯರ್ ತಡಕಾಡಲು ಆಗಲ್ಲ, ಅಲ್ವಾ?

ತಂತಿಯ ವಿಷಯ. ಸ್ಟೀಲ್ ತಂತಿ ಹೊಳೆಯುತ್ತಿದೆ ಅಂತ ನಂಬಬೇಡಿ. ಅದು ಕೆಡುವುದು ಕಣ್ಣಿಗೆ ಕಾಣದ ಜಾಗದಲ್ಲಿ, ತುದಿಯ ಫಿಟ್ಟಿಂಗ್ ಒಳಗೆ. ನೀರು ನಿಂತು, ಗಾಳಿ ಆಡದ ಕಡೆ ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯುತ್ತದೆ. ಹತ್ತಿ ಬಟ್ಟೆಯನ್ನು ತಂತಿಗುಂಟ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ಮುರಿದಿದೆ. ಬರಿಗೈ ಬೇಡ, ಚುಚ್ಚಿದರೆ ಗೊತ್ತಾಗುತ್ತದೆ! ಫಿಟ್ಟಿಂಗ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ, ಉದ್ದಕ್ಕೆ ಸಣ್ಣ ಬಿರುಕು ಇದೆಯಾ ಅಂತ. ಒಂದು ಎಳೆ ಮುರಿದಿದ್ದರೂ ಆ ತಂತಿ ಮುಗಿಯಿತು. ವಯಸ್ಸೇ ಗೊತ್ತಿಲ್ಲದ ರಿಗ್ಗಿಂಗ್ (ಮಾಸ್ಟ್ ಹಿಡಿದಿರುವ ತಂತಿಗಳು) ಜೊತೆ ನಾನಾದರೆ ದೂರ ಹೋಗುವುದಿಲ್ಲ. ಹತ್ತು ವರ್ಷ ದಾಟಿದೆ ಅಂತಲೇ ಅಂದುಕೊಂಡು ಆ ಕೆಲಸ ಬಲ್ಲ ರಿಗ್ಗರ್ ಕರೆಸುತ್ತೇನೆ.

ಪ್ರಶ್ನೆ: ಐದೂ ಬದಲಾಯಿಸಿದೆ, ಬಣ್ಣವೂ ಆಯಿತು. ರಿಗ್ಗರ್ ಮುಂದಿನ ತಿಂಗಳು ಬರುತ್ತಾರೆ, ಅಲ್ಲಿವರೆಗೆ ಹಾಯಿ ಏರಿಸಲ್ಲ. ನಾಳೆ ಬೆಳಿಗ್ಗೆ ಕ್ರೇನ್. ಎಂಜಿನ್‌ಗೆ ಎಣ್ಣೆ, ಫಿಲ್ಟರ್, ನೀರಿನ ಪಂಪ್‌ನ ಇಂಪೆಲ್ಲರ್ (ರೆಕ್ಕೆಚಕ್ರ) ಹೊಸದು ಹಾಕಿದ್ದೇನೆ. ಇನ್ನೇನಾದರೂ?

ಉತ್ತರ: ಇಳಿಸುವ ಮುಂಚೆ ಎಲ್ಲ ವಾಲ್ವ್ ಮುಚ್ಚಿರಲಿ. ದೋಣಿ ನೀರು ಮುಟ್ಟಿದ ಮೇಲೂ ಎತ್ತಿ ಹಿಡಿದಿರುವ ಬೆಲ್ಟ್ ಬಿಚ್ಚಬೇಡಿ ಅಂತ ಕ್ರೇನ್‌ನವರಿಗೆ ಮೊದಲೇ ಹೇಳಿಡಿ. ಅವಸರ ಮಾಡುತ್ತಾರೆ, ಮಾಡಲಿ. ನೀವು ಟಾರ್ಚ್ ಹಿಡಿದು ಒಳಗೆ ಇಳಿದು, ಒಂದೊಂದೇ ವಾಲ್ವ್ ತೆರೆದು, ಬುಡಕ್ಕೆ ಒಣ ಟಿಶ್ಯೂ ಒತ್ತಿ ನೋಡಿ. ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಸೀಲ್ ರಬ್ಬರ್ ಬೆಲ್ಲೋಸ್‌ನದಾದರೆ (ಮಡಿಕೆ ಮಡಿಕೆಯ ತೋಳು) ಕೈಯಿಂದ ಹಿಂಡಿ ಒಳಗಿನ ಗಾಳಿ ಬಿಡಿ, ಇಲ್ಲದಿದ್ದರೆ ಒಣಗಿ ತಿರುಗಿ ಸುಟ್ಟುಹೋಗುತ್ತದೆ.

ಎಂಜಿನ್ ತಕ್ಷಣ ಸ್ಟಾರ್ಟ್ ಆಗದಿದ್ದರೆ ಸುಮ್ನೆ ತಿರುಗಿಸುತ್ತಾ ಕೂರಬೇಡಿ. ಪಂಪ್ ನೀರು ಎಳೆಯುತ್ತಲೇ ಇರುತ್ತದೆ, ಅದನ್ನು ಹೊರದಬ್ಬಲು ಹೊಗೆ ಇರುವುದಿಲ್ಲ. ಮಫ್ಲರ್ ತುಂಬಿ ನೀರು ಸಿಲಿಂಡರ್‌ಗೆ ನುಗ್ಗಬಹುದು. ಸ್ಟಾರ್ಟ್ ಆದ ಕೂಡಲೇ ಹಿಂದಿನಿಂದ ನೀರು ಬರುತ್ತಿದೆಯಾ ನೋಡಿ. ಬಂದರೆ ಬೆಲ್ಟ್ ಬಿಚ್ಚಿಸಿ.

ಒಂದು ಗಂಟೆ ಬಿಟ್ಟು ಮತ್ತೆ ಬಿಲ್ಜ್, ಅಂದರೆ ಒಳಗಡೆ ನೀರು ಸೇರುವ ತಳಭಾಗ, ನೋಡಿ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಮೊದಲ ರಾತ್ರಿ ನಾನು ದೋಣಿಯಲ್ಲೇ ಮಲಗುತ್ತೇನೆ.